ಮೊದಲು ಹಣವೋ, ಮೊದಲು ಬೀಗದ ಕೈಯೋ

ತೇನಿ, ಕಂಬಂ, ದಿಂಡಿಗಲ್ ಕಡೆ ತಿಂಗಳ ಬಾಡಿಗೆಯ ಜೊತೆಗೆ ‘ಒತ್ತಿ’ಯೂ ನಡೆಯುತ್ತದೆ, ನಮ್ಮಲ್ಲಿ ಭೋಗ್ಯ ಎನ್ನುವ ವ್ಯವಹಾರವೇ ಅದು. ಮೂರು ಲಕ್ಷ ಕೊಟ್ಟು ಮೂರು ವರ್ಷ ಇರಿ, ಬಾಡಿಗೆ ಬೇಡ, ಬಿಡುವಾಗ ಅಷ್ಟೂ ಹಣ ವಾಪಸ್, ಹೀಗೆ ಮಾತಾಗುತ್ತದೆ. ಕಂಬಂನ ಕಪ್ಪಿಲಿಯರಿರಲಿ, ಚಿನ್ನಾಳಪಟ್ಟಿಯ ದೇವಾಂಗ ನೇಕಾರರಿರಲಿ, ಮನೆಮಾತು ಕನ್ನಡವಾದ ಅಲ್ಲಿನ ಕುಟುಂಬಗಳಿಗೂ ಇದು ಹೊಸತಲ್ಲ.

ಜಗಳ ಹುಟ್ಟುವುದು ಅವಧಿ ಮುಗಿದ ದಿನ. ಮಾಲೀಕರು ಆ ಹಣವನ್ನು ಮಗಳ ಮದುವೆಗೋ ಮೇಲ್ಮಹಡಿಗೋ ಹಾಕಿಬಿಟ್ಟಿರುತ್ತಾರೆ. ಹೊಸಬರು ಬಂದು ಹಣ ಕೊಟ್ಟರೆ ತಾನೆ ಹಳಬರಿಗೆ ಕೊಡುವುದು? ಮನೆ ಖಾಲಿಯಾಗದೆ ಹೊಸಬರು ಹಣ ಬಿಚ್ಚುವುದಿಲ್ಲ. ಹಣ ಕೈಸೇರದೆ ಹಳಬರು ಪಾತ್ರೆಪಗಡ ಕಟ್ಟುವುದಿಲ್ಲ. ಕುದುರಿಸಿಕೊಟ್ಟ ಬ್ರೋಕರ್ ಕಮಿಷನ್ ಎಣಿಸಿಕೊಂಡು ಎಂದೋ ಹೋಗಿರುತ್ತಾರೆ.

ಹಳಬರದು ಬರೀ ಹಟ ಎಂದು ನನಗನಿಸುವುದಿಲ್ಲ. ಬೀಗದ ಕೈ ಕೊಟ್ಟ ಮೇಲೆ ಅವರ ಕೈಯಲ್ಲಿ ಉಳಿಯುವುದು ನೋಂದಣಿಯಾಗದ ಒಂದು ಛಾಪಾಕಾಗದ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯೂ ಭೋಗ್ಯದಲ್ಲಿ ಮೊದಲು ಹಣ ತೀರಿಸಿ, ಆಮೇಲೆ ಸ್ವಾಧೀನ ಕೇಳಿ ಎನ್ನುತ್ತದೆ. ಆದರೆ 100 ರೂಪಾಯಿ ಮುಟ್ಟಿದ ಇಂಥ ಅಡಮಾನ ನೋಂದಣಿಯಾಗಲೇಬೇಕು ಎನ್ನುವುದೂ ಅದೇ ಕಾಯ್ದೆ.

ಮಾಲೀಕರ ಮಾತಿನಲ್ಲೂ ಹುರುಳಿದೆ. ನೋಂದಣಿಗೆ ಖರ್ಚಾಗುತ್ತದೆ, ಋಣಭಾರ ಪತ್ರದಲ್ಲಿ ಒತ್ತಿ ಕಾಣಿಸಿಕೊಂಡರೆ ಬ್ಯಾಂಕ್ ಸಾಲಕ್ಕೆ ತೊಡಕು. ಗಡುವು ದಾಟಿಯೂ ಹಳಬರು ಕೂತರೆ ಬಾಡಿಗೆ ಬಾರದ ಮನೆ, ತೀರದ ಸಾಲ ಎರಡೂ ಅವರ ತಲೆಗೇ. ತಿಂಗಳ ಬಾಡಿಗೆಯಾದರೆ ದಾರಿ ಸಲೀಸು. 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದ ತಮಿಳುನಾಡಿನ 2017ರ ಕಾಯ್ದೆಯಂತೆ ಪಟ್ಟಣಗಳಲ್ಲಿ ಲಿಖಿತ ಕರಾರು ಬಾಡಿಗೆ ಪ್ರಾಧಿಕಾರದಲ್ಲಿ ದಾಖಲಾಗಬೇಕು, ಮನೆ ಬಿಟ್ಟ ತಿಂಗಳೊಳಗೆ ಮುಂಗಡ ಮರಳಬೇಕು. ಬಿಡಿಸಲೆಂದು ನೀರು, ಕರೆಂಟು ಕತ್ತರಿಸುವಂತಿಲ್ಲ. ಮೂರು ತಿಂಗಳ ಮುಂಗಡಕ್ಕೆ ಒಂದು ತಿಂಗಳು ಕಾಯಬಹುದು. ಜೀವಮಾನದ ಉಳಿತಾಯಕ್ಕೆ ಹಾಗೆ ಕಾಯಿರಿ ಎಂದರೆ ಹೇಗೆ?

ಹಾಗಾಗಿ ಒತ್ತಿಯ ಮಟ್ಟಿಗೆ ನನ್ನ ಮನಸ್ಸು ಹಳಬರ ಕಡೆಗೇ ವಾಲುತ್ತದೆ. ಆದರೆ ಬಿಡುವ ಮಾತನ್ನು ಅವರು ಮೂರು ತಿಂಗಳು ಮೊದಲೇ ಬರೆದು ತಿಳಿಸಬೇಕು. ಕೊನೆಯ ದಿನ ಮೂವರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸೇರಲಿ. ಹೊಸಬರ ಬ್ಯಾಂಕ್ ಡ್ರಾಫ್ಟ್ ನೇರ ಹಳಬರ ಹೆಸರಿಗೆ ಇರಲಿ. ಹಳೆಯ ಒತ್ತಿ ರದ್ದಾಗಿ ಹೊಸದು ಅಲ್ಲೇ ನೋಂದಣಿಯಾಗಲಿ. ಬ್ರೋಕರ್ ಕಮಿಷನ್ನಿನ ಅರ್ಧವನ್ನು ಆ ದಿನಕ್ಕೇ ಉಳಿಸಿಕೊಂಡರೆ ಅವರೂ ಅಲ್ಲಿ ತಪ್ಪದೆ ಹಾಜರಿರುತ್ತಾರೆ.