ಗಾಯ ಬದಲಾದರೂ ಬದಲಾಗದ ಆದೇಶ

ವೃದ್ಧರು ತಿಂಗಳು, ವರ್ಷಗಟ್ಟಲೆ ನೆಲೆಸುವ ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿ ಗಾಯದ ಡ್ರೆಸ್ಸಿಂಗ್ ನಡೆಯುವುದು ವೈದ್ಯರ ಆದೇಶದಂತೆ. ಗಾಯ ಎಲ್ಲಿದೆ, ಯಾವುದರಿಂದ ತೊಳೆಯಬೇಕು, ಏನು ಹಚ್ಚಿ ಮುಚ್ಚಬೇಕು, ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ತೊಡಕಿರುವುದು ಬರೆಯುವುದರಲ್ಲಲ್ಲ, ಬರೆದದ್ದು ಹಾಗೆಯೇ ಉಳಿದುಬಿಡುವುದರಲ್ಲಿ.

ಹಾಸಿಗೆ ಹಿಡಿದವರ ಸೊಂಟದ ಹಿಂಬದಿಯಲ್ಲಿ ಏಳುವ ಒತ್ತಡದ ಹುಣ್ಣನ್ನೇ ನೋಡಬಹುದು. ವಿಪರೀತ ರಸ ಸೋರುವಾಗ ಅದಕ್ಕೆ ಕಡಲಪಾಚಿಯಿಂದ ತಯಾರಾದ ಆಲ್ಜಿನೇಟ್ ಡ್ರೆಸ್ಸಿಂಗ್ ಒಳ್ಳೆಯದು, ರಸವನ್ನು ಹೀರಿಕೊಳ್ಳುತ್ತದೆ. ಸೋರಿಕೆ ಇಳಿದ ಮೇಲೂ ಅದನ್ನೇ ಹಾಕುತ್ತ ಹೋದರೆ ತಳ ಒಣಗಿ ನಾರು ಅಂಟಿಕೊಳ್ಳುತ್ತದೆ, ಬಿಚ್ಚುವಾಗ ಆಗತಾನೇ ಹುಟ್ಟಿದ ಮಾಂಸವೂ ಕಿತ್ತು ಬರುತ್ತದೆ. ತೇವವಿರುವ ಗಾಯ ಬೇಗ ಮಾಯುತ್ತದೆಂದು ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದ್ದರು. ಕೊಳೆತ ಪದರವನ್ನು ಕರಗಿಸುವ ಕೊಲಾಜಿನೇಸ್ ಮುಲಾಮಿಗೂ ಗಾಯದ ತಳ ಕೆಂಪಾಗಿ ಶುಭ್ರವಾದ ಮೇಲೆ ಕೆಲಸವಿಲ್ಲ.

ಹಾಗಾದರೆ ಬದಲಿಸುವವರು ಯಾರು? ಫೆಡರಲ್ ನಿಯಮದ ಪ್ರಕಾರ ವೈದ್ಯರ ಭೇಟಿ ದಾಖಲಾದ ಮೊದಲ 90 ದಿನ ಕನಿಷ್ಠ 30 ದಿನಕ್ಕೊಮ್ಮೆ, ಅನಂತರ ಕನಿಷ್ಠ 60 ದಿನಕ್ಕೊಮ್ಮೆ. ಹುಣ್ಣು ಅಷ್ಟು ದಿನ ಕಾಯುವುದಿಲ್ಲ. ಅದನ್ನು ಕಣ್ಣಾರೆ ಕಾಣುವವರು ನರ್ಸ್. ಆದರೆ ಆದೇಶ ಬದಲಿಸುವ ಅಧಿಕಾರ ಸಾಮಾನ್ಯವಾಗಿ ಅವರಿಗಿಲ್ಲ. ಹೊರಗಿನಿಂದ ಬರುವ ಗಾಯತಜ್ಞರ ಸಲಹೆಯನ್ನೂ ಯಾರಾದರೂ ಆದೇಶವಾಗಿ ದಾಖಲಿಸಬೇಕು, ಹಳೆಯದನ್ನು ರದ್ದು ಮಾಡಬೇಕು. ಈ ಎರಡನೆಯ ಕೆಲಸವೇ ಮರೆತುಹೋಗುವುದು. ಆಗ ಹಿಮ್ಮಡಿಯ ಒಂದೇ ಹುಣ್ಣಿಗೆ ಚಾರ್ಟಿನಲ್ಲಿ ಎರಡು ಆದೇಶ, ಬೆಳಗಿನ ಪಾಳಿಯದೊಂದು ಡ್ರೆಸ್ಸಿಂಗ್, ರಾತ್ರಿ ಪಾಳಿಯದು ಇನ್ನೊಂದು.

ಹಾಗೆಂದು ದಿನಕ್ಕೊಂದು ಔಷಧ ಬದಲಿಸುವುದೂ ಸಲ್ಲದು. ಚಿಕಿತ್ಸೆಯ ಗುಣ ಕಾಣಲು ಸಮಯ ಬೇಕು. ಎರಡು ವಾರದಲ್ಲಿ ಸುಧಾರಣೆ ಕಾಣದಿದ್ದರೆ ಮರುಪರಿಶೀಲನೆ ಎಂಬುದು ರೂಢಿಯ ಅಳತೆ. ಸೋಂಕಿನ ಲಕ್ಷಣ ಕಂಡರಂತೂ ಅದೇ ದಿನ ವೈದ್ಯರಿಗೆ ತಿಳಿಸಬೇಕು. ವಾರಕ್ಕೊಮ್ಮೆ ಉದ್ದ, ಅಗಲ, ಆಳ ಅಳೆದು ಬರೆಯುವ ಪದ್ಧತಿ ಬಹುತೇಕ ಎಲ್ಲೆಡೆ ಇದೆ. ಆ ಅಳತೆಯ ಪಕ್ಕದಲ್ಲೇ ಆದೇಶವನ್ನೂ ಇಟ್ಟು ಓದಿದರೆ ಅರ್ಧ ತೊಂದರೆ ತಪ್ಪುತ್ತದೆ. ಪ್ರತಿ ಆದೇಶಕ್ಕೂ ಮರುಪರಿಶೀಲನೆಯ ದಿನಾಂಕ ಬರೆಯುವುದು ಇನ್ನೂ ಮೇಲು. ಇದನ್ನು ಕಾಗದದ ಕೆಲಸವೆಂದು ತಳ್ಳಿಹಾಕುವವರಿದ್ದಾರೆ. ಆದರೆ ಮಾಯ್ದ ಗಾಯದ ಆದೇಶ ರದ್ದಾಗದಿದ್ದರೆ, ಹಾಕದ ಡ್ರೆಸ್ಸಿಂಗಿಗೂ ದಿನವೂ ಸಹಿ ಬೀಳುತ್ತಿರುತ್ತದೆ. ತಪಾಸಣೆಗೆ ಬಂದವರ ಕಣ್ಣಿಗೆ ಅದು ಸುಳ್ಳು ದಾಖಲೆಯೇ.