ಲೈಟಿಲ್ಲದ ಲಾರಿ, ಕಣ್ಣು ಮುಚ್ಚಿದ ಖಾಕಿ!

ಗೆಳೆಯರೇ, ರಾತ್ರಿ ಪಾಳಿ ಮುಗಿಸಿ ಪೀಣ್ಯದಿಂದ ನೆಲಮಂಗಲಕ್ಕೆ ಬೈಕಿನಲ್ಲಿ ಹೊರಟಿದ್ದೀರಾ? ಎಚ್ಚರ! ರಸ್ತೆ ಬದಿಯ ಕತ್ತಲಲ್ಲಿ ಕತ್ತಲಾಗಿಯೇ ನಿಂತಿರುತ್ತದೆ ಲಾರಿ. ಗುದ್ದಿದ ಮೇಲಷ್ಟೇ ಕಾಣುತ್ತದೆ!

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 109ನೆಯದು ಏನೆನ್ನುತ್ತದೆ ಗೊತ್ತೇ? ರಸ್ತೆಯಲ್ಲಿ ನಿಂತ ವಾಹನದ ಹಿಂದೆಯೂ ಎರಡು ಕೆಂಪು ದೀಪ ಉರಿಯುತ್ತಿರಬೇಕು. ಎಷ್ಟು ಲಾರಿಯಲ್ಲಿ ಉರಿಯುತ್ತವೆ? ಬ್ಯಾಟರಿ ಇಳಿಯುತ್ತದಂತೆ! ಬ್ಯಾಟರಿಗಿರುವ ಬೆಲೆ ಕನ್ನಡದ ಹುಡುಗನ ತಲೆಗಿಲ್ಲವೇ?

ಹೆಣ ಬಿದ್ದ ಮೇಲೆ ನೋಡಿ ಪೌರುಷ! ಲಾರಿ ಜಪ್ತಿ. ಠಾಣೆಯ ಅಂಗಳದಲ್ಲಿ ಅದಕ್ಕೆ ತುಕ್ಕು. ಜಪ್ತಿಯಾದ ವಾಹನಗಳನ್ನು ಠಾಣೆಯಲ್ಲಿ ಬಹುಕಾಲ ಕೊಳೆಸಬೇಡಿ, ಬಾಂಡು ಬರೆಸಿಕೊಂಡು ಬಿಡಿ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಸಾಲ ಮಾಡಿ ಲಾರಿ ಕೊಂಡ ನಮ್ಮ ಶಿರಾದವನಿಗೆ ಇದನ್ನು ಕನ್ನಡದಲ್ಲಿ ಹೇಳಿದವರು ಯಾರು? ಇತ್ತ ಮಗನನ್ನು ಕಳಕೊಂಡ ತಾಯಿಯ ಕೈಗೆ ವಿಮೆಯವರ ಇಂಗ್ಲಿಷ್ ಕಾಗದ! ಓದಲಾರದೆ ಹೆಬ್ಬೆಟ್ಟು ಒತ್ತಬೇಕು ಆಕೆ.

ಜಪ್ತಿ ಮಾಡುವ ಆ ಕೈ, ಅಪಘಾತಕ್ಕೆ ಮೊದಲೇ ಲಾರಿಯ ಬಾಗಿಲು ತಟ್ಟಿ 'ಲೈಟು ಹಾಕಪ್ಪಾ' ಎನ್ನಬಾರದಿತ್ತೇ?

ಈ ಶನಿವಾರವೇ ನಿಮ್ಮ ಠಾಣೆಗೆ ಗುಂಪಾಗಿ ಹೋಗಿ ಕೇಳಿ: ಕಳೆದ ರಾತ್ರಿ ಲೈಟಿಲ್ಲದ ಎಷ್ಟು ಲಾರಿಗೆ ದಂಡ ಹಾಕಿದಿರಿ ಸ್ವಾಮಿ? ಲೆಕ್ಕ ಕನ್ನಡದಲ್ಲೇ ಕೊಡಿ!