ದಿನವಹಿ ಪ್ರಯಾಣಕ್ಕೆ ಹಳೆಯ ಕಾರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕಂದಾಯದ ಲೆಕ್ಕಕ್ಕೆ ತುಮಕೂರು ಜಿಲ್ಲೆಗೆ ಸೇರಿದ್ದರೂ, ವಿದ್ಯಾ ಇಲಾಖೆಯವರ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಪ್ರತ್ಯೇಕವಾಗಿಯೇ ಎಣಿಸಲ್ಪಡುತ್ತವೆ. ಈ ಸೀಮೆಯ ಶಾಲೆಗಳಲ್ಲಿಯೂ, ಕಚೇರಿಗಳಲ್ಲಿಯೂ, ಆಸ್ಪತ್ರೆ ಬ್ಯಾಂಕುಗಳಲ್ಲಿಯೂ ಕೆಲಸಮಾಡುವವರಲ್ಲಿ ಅನೇಕರು ತುಮಕೂರಿನಲ್ಲಿ ಸಂಸಾರವನ್ನಿಟ್ಟುಕೊಂಡು, ಬೆಳಗ್ಗೆ ಹೊರಟು ಸಂಜೆ ಹಿಂದಿರುಗತಕ್ಕವರಾಗಿದ್ದಾರೆ. ಕೊರಟಗೆರೆಯಾದರೆ ಇಪ್ಪತ್ತೈದು ಮೂವತ್ತು ಕಿಲೋಮೀಟರು. ಮಧುಗಿರಿಗೆ ಸುಮಾರು 45. ಶಿರಾಕ್ಕೆ 50ಕ್ಕೆ ಮೇಲೆ. ಪಾವಗಡಕ್ಕೆ ಸುಮಾರು ನೂರು. ಮಕ್ಕಳ ವಿದ್ಯಾಭ್ಯಾಸ, ವೃದ್ಧರ ಔಷಧೋಪಚಾರ, ಪತಿಗೊಂದು ಊರು ಪತ್ನಿಗೊಂದು ಊರು ಎಂಬ ವರ್ಗಾವಣೆಯ ಫಲ, ಇವೇ ಮೊದಲಾದ ಕಾರಣಗಳಿಂದ ಈ ಏರ್ಪಾಡು ನಡೆದುಬಂದಿದೆ. ನೌಕರನು ಕೇಂದ್ರಸ್ಥಾನದಲ್ಲಿಯೇ ವಾಸಮಾಡತಕ್ಕದ್ದೆಂಬ ನಿಯಮದ ನ್ಯಾಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇರುವ ಸ್ಥಿತಿ ಹೀಗಿರುವಲ್ಲಿ, ಅದನ್ನು ಕಂಡೂ ಕಾಣದವರಂತೆ ಇರುವುದರಿಂದ ಪ್ರಯೋಜನವಿಲ್ಲ.

ಈಚೆಗೆ ಈ ಪ್ರಯಾಣಿಕರೊಳಗೆ ಹಳೆಯ ಕಾರೊಂದನ್ನು ಕೊಳ್ಳುವ ಪ್ರಯತ್ನ ಹೆಚ್ಚಾಗಿದೆ. ಪತ್ರಿಕೆಯ ಈ ಅಂಕಣದಲ್ಲಿ ಕಾರಿನ ಮಾತೇಕೆಂದು ಕೆಲವರು ಕೇಳಬಹುದು. ಒಬ್ಬ ಉಪಾಧ್ಯಾಯನು ವರ್ಷಗಟ್ಟಲೆ ಉಳಿಸಿದ ಹಣವೂ, ಮುಂದಿನ ನಾಲ್ಕೈದು ವರ್ಷಗಳ ಸಂಬಳದಲ್ಲಿ ಒಂದು ಪಾಲೂ, ಅವನ ಪ್ರಾಣವೂ ಈ ಒಂದು ವ್ಯಾಪಾರದಲ್ಲಿ ತೊಡಗಿರುವುದರಿಂದ ಇದು ವಿಚಾರಯೋಗ್ಯವಾದ ವಿಷಯವೆಂದೇ ನಮ್ಮ ಅಭಿಪ್ರಾಯ.

ಮೊದಲು ಕಾರು ಬೇಕೇ ಎಂಬುದನ್ನು ಲೆಕ್ಕಹಾಕಿ ನೋಡತಕ್ಕದ್ದು. ತುಮಕೂರಿನಿಂದ ಮಧುಗಿರಿಗೆ ಹೋಗಿಬರಲು 90 ಕಿಲೋಮೀಟರು, ತಿಂಗಳಿಗೆ 22 ದಿನವಾದರೆ ಸುಮಾರು 2,000, ವರ್ಷಕ್ಕೆ 24,000. ಲೀಟರಿಗೆ 18 ಕಿಲೋಮೀಟರು ಓಡುವ ಪೆಟ್ರೋಲ್ ಕಾರಿಗೆ ತಿಂಗಳಿಗೆ 111 ಲೀಟರು ಬೇಕಾಗುವುದು. ಲೀಟರಿಗೆ ನೂರು ರೂಪಾಯಿಯೆಂದು ಹಿಡಿದರೂ 11,100 ರೂಪಾಯಿ ಎಣ್ಣೆಗೇ ಹೋಯಿತು. ಟೈರು, ಸರ್ವೀಸು, ವಿಮೆ, ರಿಪೇರಿಗಳಿಗಾಗಿ ಕಿಲೋಮೀಟರಿಗೆ ಒಂದೂವರೆ ರೂಪಾಯಿಯನ್ನಾದರೂ ತೆಗೆದಿಡುವುದು ವಿವೇಕ, ಅದು 3,000. ಹೀಗೆ ಸಾಲದ ಕಂತನ್ನು ಬಿಟ್ಟೇ ತಿಂಗಳಿಗೆ 14,000 ರೂಪಾಯಿ ಮೀರುತ್ತದೆ. ಕಾರಿನ ಬೆಲೆಯನ್ನು ಮಾತ್ರ ನೋಡಿ, ಅದನ್ನು ಓಡಿಸುವ ಬೆಲೆಯನ್ನು ಮರೆಯುವವನು ಅಗ್ಗವೆಂದು ಕೊಂಡು ದುಬಾರಿಯನ್ನು ಮನೆಗೆ ತಂದಂತಾಗುವುದು. ಸಾರಿಗೆ ಸಂಸ್ಥೆಯ ಬಸ್ಸಿನ ದರವು 2025ರ ಜನವರಿ 5ರಿಂದ ನೂರಕ್ಕೆ 15ರಂತೆ ಏರಿದ ಮೇಲೂ ಒಬ್ಬನೇ ಓಡಾಡುವ ಗುಮಾಸ್ತೆಗೆ ಬಸ್ಸೇ ಅಗ್ಗ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಂತೆ ಸ್ತ್ರೀಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣವೇ ಉಚಿತ. ಆದಕಾರಣ ಬಸ್ಸು ಹೊತ್ತಿಗೆ ಸರಿಯಾಗಿ ಒದಗುವ ದಾರಿಯಲ್ಲಿ ಕಾರಿಗೆ ಆಶೆಪಡುವುದು ಅನವಶ್ಯಕ. ಬಸ್ಸು ಒದಗದ ಊರಿನವನೂ, ನಾಲ್ವರು ಸಹೋದ್ಯೋಗಿಗಳು ಸೇರಿ ಹೊರಡಬಲ್ಲವರೂ ಮಾತ್ರ ಮುಂದಿನ ವಿಚಾರಕ್ಕೆ ಬರತಕ್ಕದ್ದು.

ಪೆಟ್ರೋಲೋ ಡೀಸೆಲ್ಲೋ ಎಂಬುದು ಎರಡನೆಯ ಪ್ರಶ್ನೆ. ಡೀಸೆಲ್ ಲೀಟರಿಗೆ 90 ರೂಪಾಯಿ, ಓಟ 22 ಕಿಲೋಮೀಟರು ಎಂದು ಹಿಡಿದರೆ ಅದೇ 2,000 ಕಿಲೋಮೀಟರಿಗೆ 8,200 ರೂಪಾಯಿಯಾಗುತ್ತದೆ. ತಿಂಗಳಿಗೆ 2,900ರಷ್ಟು ಉಳಿತಾಯ. ಮಧುಗಿರಿ, ಶಿರಾಗಳಿಗೆ ದಿನವೂ ಹೋಗುವವನಿಗೆ ಇದು ಸಣ್ಣ ಮೊತ್ತವಲ್ಲ. ಪಾವಗಡದವನಿಗೆ ಇದರ ಇಮ್ಮಡಿಗೂ ಮಿಕ್ಕು. ಆದರೆ ಡೀಸೆಲ್ ಯಂತ್ರದ ಇಂಜೆಕ್ಟರು, ಟರ್ಬೋಗಳು ಕೆಟ್ಟರೆ ಒಂದು ವರ್ಷದ ಉಳಿತಾಯವನ್ನು ಒಂದೇ ರಿಪೇರಿ ನುಂಗಿಬಿಡಬಲ್ಲದು. ಮಾರುತಿಯವರು 2020ರ ಏಪ್ರಿಲಿನಿಂದ ಡೀಸೆಲ್ ಕಾರುಗಳನ್ನು ಮಾಡುವುದನ್ನೇ ಬಿಟ್ಟರಾದ್ದರಿಂದ ಅವರ ಡೀಸೆಲ್ ಸ್ವಿಫ್ಟ್, ಡಿಜೈರ್‌ಗಳೆಲ್ಲವೂ ಈಗ ಅಷ್ಟು ವರ್ಷ ಹಳೆಯವೇ. ಆದ್ದರಿಂದ ದಿನಕ್ಕೆ 100 ಕಿಲೋಮೀಟರಿಗೆ ಮೀರಿ ಓಡತಕ್ಕವನು, ಒಬ್ಬನೇ ಮಾಲೀಕನ ಕೈಯಲ್ಲಿದ್ದು ಸರ್ವೀಸಿನ ದಾಖಲೆ ಪೂರ್ತಿಯಾಗಿರುವ ಡೀಸೆಲ್ ಕಾರು ದೊರೆತರೆ ಕೊಳ್ಳಲಿ. ಉಳಿದವರಿಗೆ ಪೆಟ್ರೋಲೇ ಸುಗಮ. ಸಿ.ಎನ್.ಜಿ. ಕಾರಿಗೆ ಖರ್ಚು ಇನ್ನೂ ಕಡಿಮೆಯಾದರೂ, ತನ್ನ ದಾರಿಯಲ್ಲಿ ಅನಿಲ ದೊರೆಯುವ ಬಂಕು ಎಲ್ಲಿದೆ, ಎಷ್ಟು ಹೊತ್ತು ಸಾಲಿನಲ್ಲಿ ಕಾಯಬೇಕು ಎಂಬುದನ್ನು ತಾನೇ ಹೋಗಿ ನೋಡಿದ ಹೊರತು ಕೈಹಾಕಬಾರದು. ಸಿಲಿಂಡರನ್ನು ಮೂರು ವರ್ಷಗಳಿಗೊಮ್ಮೆ ಪರೀಕ್ಷೆ ಮಾಡಿಸಿದ ಪತ್ರವಿದೆಯೇ ಎಂದೂ ಕೇಳತಕ್ಕದ್ದು.

ಇನ್ನು ವಯಸ್ಸು. ಖಾಸಗಿ ಕಾರಿನ ರಿಜಿಸ್ಟ್ರಿಗೆ 15 ವರ್ಷದ ಅವಧಿ. ಅನಂತರ ಗಾಡಿಯನ್ನು ಪರೀಕ್ಷೆಗೆ ಒಪ್ಪಿಸಿ ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕು. ಹಿಂದೆ 600 ರೂಪಾಯಿಯಿದ್ದ ಈ ಶುಲ್ಕವು 2022ರ ಏಪ್ರಿಲಿನಿಂದ 5,000 ಆಯಿತು. ಹನ್ನೆರಡು ಹದಿಮೂರು ವರ್ಷದ ಕಾರನ್ನು ಕೊಂಡವನು ಸಾಲ ತೀರುವ ಮೊದಲೇ ಈ ವೆಚ್ಚಕ್ಕೆ ಗುರಿಯಾಗುವನು. ಸುರಕ್ಷತೆಯ ದೃಷ್ಟಿಯಿಂದಲೂ ಇಸವಿಯನ್ನು ನೋಡಬೇಕು. ಬ್ರೇಕು ಹಿಡಿದಾಗ ಚಕ್ರ ಜಾರದಂತೆ ತಡೆಯುವ ಎ.ಬಿ.ಎಸ್. ಏರ್ಪಾಡು 2019ರ ಏಪ್ರಿಲಿನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಚಾಲಕನ ಎದುರಿನ ಏರ್‌ಬ್ಯಾಗು ಅದೇ ವರ್ಷದ ಜುಲೈಯಿಂದ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗಳ ನಡುವೆ ದಿನವೂ ಶಿರಾಕ್ಕೆ ಹೋಗುವವನಿಗೆ ಇವು ಆಡಂಬರದ ವಸ್ತುಗಳಲ್ಲ. 2022ರ ಆಗಸ್ಟಿನಲ್ಲಿ ಕಳ್ಳಂಬೆಳ್ಳದ ಬಳಿ ಕೂಲಿಗಾರರ ಜೀಪು ಲಾರಿಗೆ ತಗುಲಿ ಒಂಬತ್ತು ಜನರು ಸತ್ತ ಸುದ್ದಿಯನ್ನು ಈ ಸೀಮೆಯವರು ಮರೆತಿರಲಾರರು. ಆದುದರಿಂದ ಹಣಕ್ಕೆ ಎಟುಕುವುದಾದರೆ 2019ರ ಮಧ್ಯದಿಂದ ಈಚಿನ ಸಣ್ಣ ಕಾರನ್ನೇ ಹುಡುಕುವುದು ಮೇಲು. ಅದಕ್ಕೂ ಹಿಂದಿನದನ್ನು ಕೊಳ್ಳುವವನು ಈ ಎರಡು ಸಾಧನಗಳಿರುವ ಮಾದರಿಯನ್ನೇ ಆರಿಸಲಿ. ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲು ಈಗ ಎಲ್ಲೆಡೆಯೂ ಬಂದಿರುವುದರಿಂದ, 2023ಕ್ಕೆ ಹಿಂದಿನ ಗಾಡಿಯ ರಬ್ಬರು ಕೊಳವೆಗಳನ್ನೂ ಗ್ಯಾಸ್ಕೆಟ್ಟುಗಳನ್ನೂ ಮೇಸ್ತ್ರಿಯಿಂದ ತಪಾಸಣೆ ಮಾಡಿಸುವುದು ಒಳ್ಳೆಯದು.

ಯಾವ ಕಂಪೆನಿಯದು ಎಂಬುದಕ್ಕೆ ನಾವು ಹೇಳುವ ಸೂತ್ರವು ಒಂದೇ. ಬಿಡಿಭಾಗವು ಮಧುಗಿರಿಯಲ್ಲಿ ಸಿಕ್ಕಬೇಕು, ಮೇಸ್ತ್ರಿಯು ಪಾವಗಡದಲ್ಲಿರಬೇಕು. ಈ ಕಾರಣದಿಂದ ವ್ಯಾಗನ್ ಆರ್, ಆಲ್ಟೊ, ಸ್ವಿಫ್ಟ್, ಐ10 ಮೊದಲಾದ, ಊರೂರಲ್ಲಿ ಓಡಾಡುವ ಗಾಡಿಗಳು ಸ್ವಲ್ಪ ಹೆಚ್ಚು ಬೆಲೆಯಾದರೂ ನಷ್ಟವಿಲ್ಲ. ಷೆವ್ರೊಲೆ 2017ರ ಕೊನೆಯಲ್ಲಿ ಈ ದೇಶದ ಮಾರಾಟವನ್ನು ನಿಲ್ಲಿಸಿತು. ಫೋರ್ಡ್ 2021ರಲ್ಲಿ ತಯಾರಿಕೆಯನ್ನು ಬಿಡುವುದಾಗಿ ಸಾರಿತು. ಇಂಥ ಗಾಡಿಗಳು ಗಟ್ಟಿಯಾದವುಗಳೇ ಇರಬಹುದು, ಬೆಲೆಯೂ ಇಳಿದಿರಬಹುದು. ಆದರೆ ಒಂದು ಸಣ್ಣ ಭಾಗಕ್ಕಾಗಿ ವಾರಗಟ್ಟಲೆ ಗಾಡಿಯು ಕೊಟ್ಟಿಗೆಯಲ್ಲಿ ನಿಂತರೆ ದಿನವೂ ಹಾಜರಿ ಹಾಕಬೇಕಾದವನ ಗತಿಯೇನು? ಬೆಲೆಯ ವಿಷಯದಲ್ಲಿ ಇನ್ನೊಂದು ಮಾತು: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಹೊಸ ಕಾರುಗಳ ಮೇಲಿನ ಜಿ.ಎಸ್.ಟಿ.ಯು ನೂರಕ್ಕೆ 28ರಿಂದ 18ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದ ಮೇಲೂ ಹಳೆಯದಕ್ಕೆ ಹಿಂದಿನ ಬೆಲೆಯನ್ನೇ ಹೇಳುವ ದಲ್ಲಾಳಿಯ ಮಾತಿಗೆ ತಲೆದೂಗಬೇಕಾದ್ದಿಲ್ಲ. ಕೈಯಲ್ಲಿರುವ ಮೊತ್ತದಲ್ಲಿ ಹತ್ತನೆಯ ಒಂದು ಪಾಲನ್ನು ಟೈರು, ಬ್ಯಾಟರಿ, ಕ್ಲಚ್ಚುಗಳಿಗೆಂದು ಮೊದಲೇ ತೆಗೆದಿರಿಸಿ, ಉಳಿದುದರಲ್ಲಿ ಮಾತ್ರ ಚೌಕಾಶಿಗೆ ತೊಡಗಬೇಕು.

ಗಾಡಿಯನ್ನು ನೋಡಲು ಹಗಲಿನಲ್ಲಿಯೇ, ಮಾರುವವನಿಗೆ ಸೇರದ ಮೇಸ್ತ್ರಿಯೊಬ್ಬನನ್ನು ಕರೆದುಕೊಂಡೇ ಹೋಗಬೇಕು. ಯಂತ್ರವು ತಣ್ಣಗಿರುವಾಗ ಚಾಲೂ ಮಾಡಿಸಿ ಹೊಗೆಯ ಬಣ್ಣವನ್ನು ನೋಡಬೇಕು. ಓಟದ ಅಂಕಿಯನ್ನು ಹಿಂದಕ್ಕೆ ತಿರುಗಿಸುವುದು ಸುಲಭವಾದ ಮೋಸವಾದ್ದರಿಂದ, ಮುಳ್ಳನ್ನು ನಂಬದೆ ಸರ್ವೀಸಿನ ಚೀಟಿಗಳನ್ನು ನಂಬಬೇಕು. ಪೆಡಲಿನ ರಬ್ಬರೂ ಸ್ಟೀರಿಂಗಿನ ಚರ್ಮವೂ ಸವೆದಿರುವಾಗ ಅಂಕಿ ಮಾತ್ರ ಮೂವತ್ತು ಸಾವಿರವೆಂದರೆ ಯಾರು ಒಪ್ಪುವರು? ಟೈರಿನ ಪಕ್ಕದಲ್ಲಿ ಅದು ತಯಾರಾದ ವಾರ ಮತ್ತು ಇಸವಿಯನ್ನು ನಾಲ್ಕು ಅಂಕೆಗಳಲ್ಲಿ ಒತ್ತಿರುತ್ತಾರೆ, ಅದನ್ನು ಓದಿಕೊಳ್ಳಬೇಕು. ಬೆಂಗಳೂರಿನಿಂದ ಬಂದ ಗಾಡಿಯಾದರೆ ನೀರಿನ ಗುರುತನ್ನು ಹುಡುಕತಕ್ಕದ್ದು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಹೊರವರ್ತುಲ ರಸ್ತೆಯ ಕಡೆಯ ಬಡಾವಣೆಗಳಲ್ಲಿ ಕಾರುಗಳು ಮುಳುಗಿದ್ದವು. ಮುಳುಗಿದ ಗಾಡಿಗಳು ಎಲ್ಲವೂ ಗುಜರಿಗೆ ಹೋಗುವುದಿಲ್ಲ. ಸೀಟಿನ ಪಟ್ಟಿಯನ್ನು ಕೊನೆಯವರೆಗೆ ಎಳೆದರೆ ಕೆಸರಿನ ಗೆರೆ ಕಾಣಿಸಬಹುದು. ಜಮಖಾನೆಯ ಅಡಿಯ ತುಕ್ಕು ಸುಳ್ಳು ಹೇಳುವುದಿಲ್ಲ. ಕಡೆಗೆ, ತಾನು ದಿನವೂ ಹೋಗಬೇಕಾದ ರಸ್ತೆಯಲ್ಲಿಯೇ ಇಪ್ಪತ್ತು ಕಿಲೋಮೀಟರು ಓಡಿಸಿ ನೋಡಬೇಕು.

ಕಾಗದಪತ್ರಗಳ ವಿಷಯದಲ್ಲಿ ನಮ್ಮ ಜನರ ಔದಾಸೀನ್ಯವು ಹೇಳತೀರದು. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಸೆಕ್ಷನ್ನಿನಂತೆ ಮಾರಿದವನು, ರಾಜ್ಯದೊಳಗಾದರೆ, 14 ದಿನಗಳಲ್ಲಿ ಕಚೇರಿಗೆ ತಿಳಿಸಬೇಕು. ಕೊಂಡವನು 30 ದಿನಗಳೊಳಗಾಗಿ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. 29 ಮತ್ತು 30ನೆಯ ನಮೂನೆಗಳಿಗೆ ರುಜು ಹಾಕಿಸಿಕೊಂಡು ಪೆಟ್ಟಿಗೆಯಲ್ಲಿಟ್ಟರೆ ಸಾಲದು. ಮೂವರ ಕೈ ದಾಟಿದರೂ ಮೊದಲನೆಯವನ ಹೆಸರಿನಲ್ಲಿಯೇ ಉಳಿದಿದ್ದ ಕಾರೊಂದು ಅಪಘಾತಕ್ಕೆ ಕಾರಣವಾದಾಗ, ದಾಖಲೆಯಲ್ಲಿ ಹೆಸರಿರುವ ಮಾಲೀಕನೇ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಮಾನಿಸಿತು. ಮಾರುವವರು ಇದನ್ನು ಮುಖ್ಯವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಗಾಡಿಯ ಮೇಲೆ ಸಾಲವಿದ್ದರೆ 35ನೆಯ ನಮೂನೆಯೂ ಬ್ಯಾಂಕಿನ ಪತ್ರವೂ ಬೇಕು. ಬಾಕಿಯ ದಂಡಗಳಿವೆಯೇ ಎಂಬುದನ್ನು ಪರಿವಾಹನ್ ಜಾಲತಾಣದಲ್ಲಿ ನೋಡಿಕೊಳ್ಳಬಹುದು. ಮಧುಗಿರಿಯಲ್ಲಿಯೇ ಕೆ.ಎ. 64 ಅಂಕಿತದ ಸಾರಿಗೆ ಕಚೇರಿ ಇರುವುದರಿಂದ ದೂರದ ನೆಪವೂ ಇಲ್ಲ. ಪಾವಗಡದವರಿಗೆ ಒಂದು ವಿಶೇಷ ಎಚ್ಚರಿಕೆ: ಆಂಧ್ರದ ನೆಲವು ಆ ತಾಲ್ಲೂಕನ್ನು ಬಹುಪಾಲು ಸುತ್ತಿಕೊಂಡಿರುವುದರಿಂದ ಅಲ್ಲಿನ ಕಾರುಗಳು ಅಗ್ಗವಾಗಿ ಕಣ್ಣಿಗೆ ಬೀಳುತ್ತವೆ. ಅಲ್ಲಿಯ ನಿರಾಕ್ಷೇಪಣಾ ಪತ್ರವನ್ನು ತರುವುದೂ, ಕರ್ನಾಟಕದ ಆಜೀವ ತೆರಿಗೆಯನ್ನು ಇಲ್ಲಿ ಮತ್ತೆ ಕಟ್ಟುವುದೂ ಸೇರಿದರೆ ಆ ಅಗ್ಗವು ಎಷ್ಟು ಉಳಿಯುವುದೆಂದು ಮೊದಲೇ ಎಣಿಸಬೇಕು.

ನಾಲ್ವರು ಸೇರಿ ಹೋದರೆ ಮೇಲೆ ಹೇಳಿದ 14,000 ರೂಪಾಯಿಯು ಒಬ್ಬೊಬ್ಬನಿಗೆ 3,500ಕ್ಕೆ ಇಳಿಯುವುದು. ಈ ಪದ್ಧತಿಯನ್ನು ನಾವು ಮನಃಪೂರ್ವಕವಾಗಿ ಅನುಮೋದಿಸುತ್ತೇವೆ. ಆದರೆ ಮೂರನೆಯವರ ಹಾನಿಗೆ ಮಾತ್ರ ಒದಗುವ ಕಡಿಮೆ ವಿಮೆಯು ಖಾಸಗಿ ಕಾರಿನೊಳಗೆ ಕುಳಿತವರಿಗೆ ಒದಗುವುದಿಲ್ಲವೆಂದೂ, ಪ್ಯಾಕೇಜ್ ಪಾಲಿಸಿಯಾದರೆ ಒದಗುವುದೆಂದೂ 2012ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಸ್ಪಷ್ಟವಾಗಿದೆ. ಮಿತ್ರರನ್ನು ಕೂರಿಸಿಕೊಂಡು ಹೋಗುವವನು ಈ ಎರಡನೆಯದನ್ನೇ ಮಾಡಿಸಬೇಕು; ಕೊಂಡ 14 ದಿನಗಳಲ್ಲಿ ವಿಮೆಯನ್ನು ತನ್ನ ಹೆಸರಿಗೆ ಬದಲಿಸಿಕೊಳ್ಳಬೇಕು. ದಾರಿಯಲ್ಲಿ ಕೈತೋರಿದವರನ್ನು ಹತ್ತಿಸಿಕೊಂಡು ಬಾಡಿಗೆ ವಸೂಲುಮಾಡುವುದು ಬಿಳಿಯ ಬೋರ್ಡಿನ ಗಾಡಿಗೆ ಸಲ್ಲದು. ಶಿರಾ ಮಾರ್ಗದವರು ಸುಂಕದ ಕಟ್ಟೆಯ ಖರ್ಚನ್ನೂ ಸೇರಿಸಿಕೊಳ್ಳಲಿ. 2025ರ ಆಗಸ್ಟ್ 15ರಂದು 3,000 ರೂಪಾಯಿ ದರದಲ್ಲಿ ಆರಂಭವಾದ ವಾರ್ಷಿಕ ಪಾಸಿಗೆ 200 ಸಲದ ಮಿತಿಯುಂಟು. ದಿನಕ್ಕೆ ಎರಡು ಸಲದಂತೆ ಅದು ನಾಲ್ಕೂವರೆ ತಿಂಗಳಿಗೇ ತೀರಿಹೋಗುವುದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಹೇಳದಿದ್ದರೆ ನಮ್ಮ ಕರ್ತವ್ಯವು ಅರ್ಧವಾಗುವುದು. ಸಂಬಳದಾರರು ಕಾರನ್ನು ಏಕೆ ಹುಡುಕುತ್ತಿದ್ದಾರೆ? ಕೊರಟಗೆರೆ, ಮಧುಗಿರಿ, ಪಾವಗಡಗಳ ಮೇಲೆ ರಾಯದುರ್ಗಕ್ಕೆ ಹೋಗತಕ್ಕ ರೈಲುಮಾರ್ಗವು 2007-08ರಲ್ಲಿಯೂ, ಶಿರಾ ಮೇಲೆ ದಾವಣಗೆರೆಗೆ ಹೋಗತಕ್ಕುದು 2011-12ರಲ್ಲಿಯೂ ಮಂಜೂರಾದವು. ಅಂದು ಶಾಲೆಗೆ ಸೇರಿದ ಮಗು ಇಂದು ಉದ್ಯೋಗಕ್ಕೆ ಹೊರಡುವ ವಯಸ್ಸಿಗೆ ಬಂದಿದೆ. ಆದರೂ ತುಮಕೂರಿನಿಂದ ಈ ಊರುಗಳಿಗೆ ರೈಲನ್ನು ನಂಬಿ ದಿನವೂ ಹೊರಡುವ ಭಾಗ್ಯ ನೌಕರನಿಗೆ ಬರಲಿಲ್ಲ. ಕಾರನ್ನು ಕೊಳ್ಳಬಲ್ಲವನು ಹೇಗೋ ದಾರಿ ಮಾಡಿಕೊಳ್ಳುವನು. ಕೊಳ್ಳಲಾರದವರ ಗತಿಯನ್ನು 2022ರ ಮಾರ್ಚ್ 19ರಂದು ಪಾವಗಡ ತಾಲ್ಲೂಕಿನ ಪಳವಳ್ಳಿ ಕಟ್ಟೆಯ ಬಳಿ ಕಂಡೆವು. ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಕಿಕ್ಕಿರಿದು ಬರುತ್ತಿದ್ದ ಖಾಸಗಿ ಬಸ್ಸು ಉರುಳಿ, ಕಾಲೇಜಿಗೆ ಹೊರಟ ಮಕ್ಕಳೂ ಸೇರಿ ಹಲವರು ಪ್ರಾಣ ಕಳೆದುಕೊಂಡರು. ಆ ಮಕ್ಕಳು ಟಾಪಿನ ಮೇಲೂ ಬಾಗಿಲಲ್ಲೂ ಪ್ರಯಾಣಮಾಡುವುದು ಇಷ್ಟಪಟ್ಟಲ್ಲ, ಬೇರೆ ಬಸ್ಸಿಲ್ಲದೆ.

ಆದಕಾರಣ ಸರ್ಕಾರದವರಲ್ಲಿ ನಮ್ಮ ಕೋರಿಕೆಯಿಷ್ಟೇ. ಶಾಲೆ ಕಚೇರಿಗಳ ಹೊತ್ತಿಗೆ ಹೊಂದುವಂತೆ ಈ ನಾಲ್ಕು ತಾಲ್ಲೂಕುಗಳಿಗೆ ಬೆಳಗ್ಗೆ ಸಂಜೆ ಹೆಚ್ಚು ಬಸ್ಸುಗಳು ಬರಲಿ. ಮಂಜೂರಾದ ರೈಲುಮಾರ್ಗಗಳು ಮುಗಿಯಲಿ. ಕೇಂದ್ರಸ್ಥಾನದಲ್ಲಿ ವಾಸಮಾಡೆಂದು ಆಜ್ಞೆಮಾಡುವವರು ಅಲ್ಲಿ ವಾಸಯೋಗ್ಯವಾದ ವಸತಿಗೃಹಗಳನ್ನೂ ಕೊಡಲಿ. ಅಲ್ಲಿಯವರೆಗೆ ಕಾರಿನ ಹೊರತು ಗತ್ಯಂತರವಿಲ್ಲದ ನಮ್ಮ ವಾಚಕರು ಬಣ್ಣವನ್ನೂ ಹೊಳಪನ್ನೂ ನೋಡದೆ, ಮೇಲೆ ಹೇಳಿದ ಲೆಕ್ಕವನ್ನೂ ದಸ್ತಾವೇಜುಗಳನ್ನೂ ನೋಡಿ, ನಾಲ್ವರು ಕೂಡಿ, ನಿಧಾನಿಸಿ ಕೊಳ್ಳಬೇಕೆಂದು ನಮ್ಮ ಬಿನ್ನಹ.